ಮೂಡಲ್ ಕಡೆ ಮುಖ ಮಾಡಿರುವ ಮೇಷ್ಟ್ರು, ಮೇಡಂಗಳಿಗೆ



ಮುಂದಿನ ಶನಿವಾರ ಬೆಳಿಗ್ಗೆ ಹತ್ತಕ್ಕೆ ನೀವು ಮೂವತ್ತು ಜನ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಬರುತ್ತೀರಿ. ಕೆಲವರು ಕಾಲೇಜಿನ ಕೆಲಸದ ಮೇಲೆ ಹೊರಹೋಗುವ ಅನುಮತಿ, ಅಂದರೆ ಓಓಡಿ, ಸಿಕ್ಕಿತೆಂದು, ಕೆಲವರು ಪ್ರಿನ್ಸಿಪಾಲರು ಹೆಸರು ಬರೆದು ಕಳಿಸಿದರೆಂದು. ಸುತ್ತೋಲೆಯಲ್ಲಿ 'ಮೂಡಲ್ ತರಬೇತಿ' ಎಂದಷ್ಟೇ ಇದೆ. ಅದನ್ನು ಓದಿದ ನಮ್ಮ ಇತಿಹಾಸದ ಮೇಷ್ಟ್ರು, "ಏನ್ ಮೇಡಂ, ಈ ವಯಸ್ಸಲ್ಲಿ ನಮಗೆ ಮೂಡಲಪಾಯ ಕುಣಿಸ್ತೀರಾ?" ಅಂದರು. ಎಲ್ಲರೂ ನಕ್ಕೆವು. ಆದರೆ ಅವರ ನಗೆಯೊಳಗೆ ಒಂದು ಅಳುಕಿತ್ತು. ಆ ಅಳುಕಿನ ಗುರುತು ನನಗಿದೆ. ಮೂರು ವರ್ಷದ ಹಿಂದೆ ಅದು ನನ್ನದೇ ಆಗಿತ್ತು. ಅದಕ್ಕೇ ತರಬೇತಿಗೆ ಮುಂಚೆಯೇ ಈ ಕಾಗದ ಬರೆಯುತ್ತಿದ್ದೇನೆ.

ನಾನು ಕಂಪ್ಯೂಟರ್ ಓದಿದವಳಲ್ಲ. ಪದವಿ ತರಗತಿಗೆ ಹಳಗನ್ನಡ ಪಾಠ ಮಾಡುವವಳು. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ. ಇಂಥವಳನ್ನು ತರಬೇತಿಗೆ ನಿಲ್ಲಿಸಿದ್ದಾರೆಂದರೆ ಕಾರಣ ಒಂದೇ: ಮೂಡಲ್‌ನಲ್ಲಿ ಮಾಡಬಹುದಾದ ತಪ್ಪುಗಳಲ್ಲಿ ಮುಕ್ಕಾಲು ಪಾಲನ್ನು ಈಗಾಗಲೇ ಮಾಡಿ ಮುಗಿಸಿದ್ದೇನೆ.

ಹೆಸರಿನಿಂದಲೇ ಶುರು ಮಾಡೋಣ. ಮೂಡಲ್ ಅಂದರೆ ನಮಗೆ ಪೂರ್ವ, ಹೊತ್ತು ಹುಟ್ಟುವ ದಿಕ್ಕು. ಆನ್‌ಲೈನ್ ಪಾಠ ನಡೆಸುವ ತಂತ್ರಾಂಶವಾದ ಈ ಮೂಡಲ್ ಮಾತ್ರ ಹುಟ್ಟಿದ್ದು ಪಡುವಲಲ್ಲಿ, ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯ ಪರ್ತ್ ನಗರದಲ್ಲಿ. ಅದರ ಇಂಗ್ಲಿಷ್ ಪೂರ್ಣನಾಮ ಒಂದು ಗೇಣುದ್ದ ಇದೆ; ಅದನ್ನು ಬಾಯಿಪಾಠ ಮಾಡುವ ಅಗತ್ಯ ಯಾರಿಗೂ ಇಲ್ಲ. ಮಾಡಿದವರ ಹೆಸರು ಮಾರ್ಟಿನ್ ಡೂಗಿಯಾಮಸ್. ಅವರ ಬಾಲ್ಯ ಕಳೆದದ್ದು ಮರುಭೂಮಿಯ ನಡುವೆ, ಶಾಲೆಯೇ ಇಲ್ಲದ ಜಾಗದಲ್ಲಿ. ಪಾಠ ಶಾರ್ಟ್‌ವೇವ್ ರೇಡಿಯೊದಲ್ಲಿ ಕೇಳಬೇಕು, ಪುಸ್ತಕದ ಕಟ್ಟು ಸಣ್ಣ ವಿಮಾನದಲ್ಲಿ ಬರಬೇಕು. ಮೇಷ್ಟ್ರ ಮುಖ ಕಾಣದೆ ಕಲಿತ ಹುಡುಗ ದೊಡ್ಡವರಾಗಿ ಪರ್ತ್‌ನ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಆನ್‌ಲೈನ್ ಪಾಠಕ್ಕೆಂದು ದುಡ್ಡು ಕೊಟ್ಟು ತಂದಿದ್ದ ತಂತ್ರಾಂಶವನ್ನು ನೋಡಿಕೊಳ್ಳುವ ಹೊಣೆ ಅವರದಾಯಿತು. ಅದು ಅವರಿಗೆ ಒಗ್ಗಲಿಲ್ಲ, ಒಳಗೆ ಕೈಹಾಕಿ ತಿದ್ದುವ ಹಾಗೂ ಇರಲಿಲ್ಲ. ತಾವೇ ಒಂದನ್ನು ಬರೆದರು. 2002ರ ಆಗಸ್ಟ್ 20ರಂದು ಅದರ ಮೊದಲ ಆವೃತ್ತಿ ಹೊರಬಂತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು ಎಂಬ ಜಿಪಿಎಲ್ ಪರವಾನಗಿಯಡಿ ಅದನ್ನು ಬಿಟ್ಟುಕೊಟ್ಟರು. ನಾವೀಗ ಮುಟ್ಟಲು ಹೆದರುತ್ತಿರುವುದು, ಮುಟ್ಟಲೆಂದೇ ಬಿಟ್ಟುಕೊಟ್ಟ ವಸ್ತುವನ್ನು.

"ಏನಾದರೂ ಒತ್ತಿಬಿಟ್ಟರೆ ಕೆಟ್ಟುಹೋಗುತ್ತದೇನೋ" ಎನ್ನುವುದು ನಮ್ಮ ವಯಸ್ಸಿನವರ ಮೊದಲ ಭಯ. ಕೆಟ್ಟರೂ ಚಿಂತೆಯಿಲ್ಲದ ಒಂದು ಜಾಗವನ್ನು ಮೂಡಲ್‌ನವರೇ ಇಟ್ಟಿದ್ದಾರೆ. ಸ್ಯಾಂಡ್‌ಬಾಕ್ಸ್ ಅಂತ ಅದರ ಹೆಸರು. ಅಲ್ಲಿ ಅಧ್ಯಾಪಕರ ಹೆಸರಲ್ಲೂ ಒಳಗೆ ಹೋಗಬಹುದು, ವಿದ್ಯಾರ್ಥಿಯ ಹೆಸರಲ್ಲೂ ಹೋಗಬಹುದು, ಏನನ್ನು ಬೇಕಾದರೂ ಸೇರಿಸಬಹುದು, ಅಳಿಸಬಹುದು. ಗಂಟೆಗೊಮ್ಮೆ ಎಲ್ಲವೂ ತಾನಾಗಿ ಅಳಿಸಿಹೋಗಿ ಮೊದಲಿನಂತಾಗುತ್ತದೆ. ನಮ್ಮಲ್ಲಿ ಎಷ್ಟೋ ಜನರ ಅಕ್ಷರಾಭ್ಯಾಸ ಆಗಿದ್ದು ಮರಳಿನ ಮೇಲೆ. ಅಜ್ಜಯ್ಯ ಬೆರಳು ಹಿಡಿದು 'ಅ' ಬರೆಸುತ್ತಿದ್ದರು, ಸೊಟ್ಟಗಾದರೆ ಅಂಗೈಯಲ್ಲಿ ಒರೆಸಿ ಮತ್ತೆ ಬರೆಸುತ್ತಿದ್ದರು. ಶನಿವಾರದ ಮೊದಲ ಎರಡು ಗಂಟೆ ನಾವು ಆ ಮರಳಿನ ಮೇಲೇ ಇರುತ್ತೇವೆ.

ಅಷ್ಟೇ ಅಲ್ಲ, ಮೊದಲ ಗಂಟೆ ನಿಮ್ಮಲ್ಲಿ ಯಾರೂ ಅಧ್ಯಾಪಕರಲ್ಲ. ಮೂವತ್ತು ಜನರೂ ವಿದ್ಯಾರ್ಥಿಗಳಾಗಿ ಲಾಗಿನ್ ಆಗುತ್ತೀರಿ. ಇದನ್ನು ಕೇಳಿ ಕೆಲವರಿಗೆ ಬೇಸರವಾಗಬಹುದು. ಆದರೆ ಈ ಕಾಗದದಲ್ಲಿ ನಾನು ಹೇಳಬೇಕಾದ್ದು ಇದೊಂದೇ: ಮೂಡಲ್ ಕಲಿಯಬೇಕಾದರೆ ಮೊದಲು ಹುಡುಗರ ಬೆಂಚಿನಲ್ಲಿ ಕೂರಬೇಕು. ನಾನು ಕೂರಲಿಲ್ಲ. ಅದರಿಂದ ಏನೇನಾಯಿತು ಅಂತ ಕೇಳಿ.

ಮೊದಲನೆಯದು ಮೈಕ್ ಪ್ರಸಂಗ. ಪ್ರತಿ ಕೋರ್ಸಿನಲ್ಲೂ ತಲೆಯ ಮೇಲೆ ಅನೌನ್ಸ್‌ಮೆಂಟ್ಸ್ ಅಂತ ಒಂದು ಜಾಗ ಇರುತ್ತದೆ. ನಮ್ಮ ನೋಟಿಸ್ ಬೋರ್ಡು ಅಂದುಕೊಳ್ಳಿ. ಹೇಗೆ ಕಾಣುತ್ತದೆ ನೋಡೋಣ ಎಂದು ಅಲ್ಲಿ "ಹಲೋ ಹಲೋ ಮೈಕ್ ಟೆಸ್ಟಿಂಗ್" ಎಂದು ಬರೆದೆ, ಕಾಫಿ ಕುಡಿಯಲು ಹೋದೆ. ಅಲ್ಲಿ ಬರೆದದ್ದು ಕೋರ್ಸಿನಲ್ಲಿರುವ ಎಲ್ಲರ ಇಮೇಲಿಗೂ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ತಿದ್ದಿಕೊಳ್ಳಲು ಸಾಮಾನ್ಯವಾಗಿ ಅರ್ಧ ಗಂಟೆ ಕೊಟ್ಟು, ಆಮೇಲೆ ಮೇಲ್ ಕಳಿಸುತ್ತದೆ ಎಂಬುದಂತೂ ಗೊತ್ತೇ ಇರಲಿಲ್ಲ. ಮಾರನೇ ದಿನ ಕಾರಿಡಾರಿನಲ್ಲಿ ಬಿಎ ಹುಡುಗನೊಬ್ಬ ನಮಸ್ಕಾರ ಮಾಡಿ, "ಮೇಡಂ, ಮೈಕ್ ಚೆನ್ನಾಗಿ ಕೇಳಿಸ್ತಿದೆ" ಅಂದ.

ಎರಡನೆಯದು ನೋಟ್ಸ್. ಇಪ್ಪತ್ತು ವರ್ಷದಿಂದ ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ ಇಟ್ಟುಕೊಂಡಿದ್ದ ನೋಟ್ಸನ್ನು ಒಂದೇ ಸಂಜೆ ಏರಿಸಿದೆ. ನನ್ನ ಪರದೆಯಲ್ಲಿ ಅಚ್ಚುಕಟ್ಟಾಗಿ ಕನ್ನಡ ಕಾಣಿಸಿತು. ಹುಡುಗಿಯೊಬ್ಬಳು ತನ್ನ ಮೊಬೈಲ್ ತಂದು ತೋರಿಸಿದಳು: ಪೌಂಡಿನ ಚಿಹ್ನೆ, ತಲೆಯ ಮೇಲೆ ಗೀಟು ಹೊತ್ತ ರೋಮನ್ 'ಎ'ಗಳ ಸಾಲು, ನಡುವೆ ಕೊಂಬು ಬಂದ ಅಕ್ಷರಗಳು. ಹಳೆಯ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದ ಕನ್ನಡದಲ್ಲಿ ಟೈಪಾಗಿದ್ದ ಕಡತ ಅದು. ನನ್ನ ಕಂಪ್ಯೂಟರಿನಲ್ಲಿ ಆ ಫಾಂಟು ಇತ್ತು, ಅವಳ ಫೋನಿನಲ್ಲಿ ಇರಲಿಲ್ಲ. ಇದಕ್ಕೆ ಪಿಡಿಎಫ್ ಮಾಡುವುದು ತಾತ್ಕಾಲಿಕ ಮದ್ದು. ಶಾಶ್ವತ ಮದ್ದೆಂದರೆ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡು, ಮೂಡಲ್‌ನ 'ಪೇಜ್' ಎಂಬ ಸಾಮಾನಿನಲ್ಲಿ ಅಂಟಿಸುವುದು. ಪೇಜ್ ಆದರೆ ಹಳ್ಳಿಯ ಬಡಕಲು ನೆಟ್‌ವರ್ಕಿನಲ್ಲೂ ತೆರೆದುಕೊಳ್ಳುತ್ತದೆ, ಹುಡುಕಿದರೆ ಪದ ಸಿಗುತ್ತದೆ. ಕೈಬರಹದ ನಲವತ್ತು ಪುಟದ ಫೋಟೊ ತೆಗೆದು ಏರಿಸಿದರೆ ಹುಡುಗರ ಡೇಟಾ ಸುಮ್ಮನೆ ಖರ್ಚಾಗುತ್ತದೆ. ಇನ್ನೊಂದು ಮಾತು: ಪಂಪನ ಕಾವ್ಯಕ್ಕೆ ಹಕ್ಕುಸ್ವಾಮ್ಯ ಇಲ್ಲ, ಆದರೆ ಅದಕ್ಕೆ ಇತ್ತೀಚಿನವರು ಬರೆದ ಗದ್ಯಾನುವಾದಕ್ಕೆ, ವ್ಯಾಖ್ಯಾನಕ್ಕೆ ಇರುತ್ತದೆ. ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಹಾಕಬೇಡಿ.

ಮೂರನೆಯದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅಸೈನ್‌ಮೆಂಟ್ ಕೊಟ್ಟು ಕಡೆಯ ದಿನ ಸೋಮವಾರ ಎಂದೆ. ಮೂಡಲ್ ತಾನಾಗಿ ತುಂಬಿಕೊಂಡಿದ್ದ ವೇಳೆ 00:00. ನಾನದನ್ನು ಮುಟ್ಟಲಿಲ್ಲ. ಸೋಮವಾರದ ಸೊನ್ನೆ ಗಂಟೆ ಅಂದರೆ ಭಾನುವಾರ ರಾತ್ರಿ ಹನ್ನೆರಡು. ಸೋಮವಾರ ಶುರುವಾಗುತ್ತಲೇ ಗಡುವು ಮುಗಿದಿತ್ತು. ಡ್ಯೂ ಡೇಟ್ ದಾಟಿದರೆ 'ತಡ' ಎಂಬ ಗುರುತು ಬೀಳುತ್ತದೆ ಅಷ್ಟೇ, ಕೊಡುವುದನ್ನು ತಡೆಯುವುದಿಲ್ಲ. ಬಾಗಿಲು ಹಾಕುವುದು ಕಟ್ ಆಫ್ ಡೇಟ್. ಶಿಸ್ತಿನ ಮೇಡಂ ನಾನು, ಅದನ್ನೂ ಅದೇ ವೇಳೆಗೆ ಇಟ್ಟಿದ್ದೆ. ಸೋಮವಾರ ಸಂಜೆ ಕೆಲಸ ಮುಗಿಸಿ, ಸೈಬರ್ ಸೆಂಟರಿಗೆ ಹೋಗಿ ಟೈಪ್ ಮಾಡಿಸಿ ತಂದ ಹುಡುಗರಿಗೆಲ್ಲ ಬಾಗಿಲು ಹಾಕಿತ್ತು. ಅವರು ಸೋಮಾರಿಗಳೆಂದು ಸ್ಟಾಫ್ ರೂಮಿನಲ್ಲಿ ಬೈದದ್ದೂ ಆಯಿತು. ಆವತ್ತಿನಿಂದ ನನ್ನ ಗಡುವು ಯಾವಾಗಲೂ ರಾತ್ರಿ 11:59ಕ್ಕೆ, ಕಟ್ ಆಫ್ ಎರಡು ದಿನ ಬಿಟ್ಟು.

ಈ ಮೂರೂ ತಪ್ಪಿಗೆ ಬೇರು ಒಂದೇ. ನನ್ನ ಕಡೆಯಿಂದ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಅವರ ಕಡೆಯಿಂದ ಹೇಗೆ ಕಾಣುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ನೋಡಲು ದಾರಿ ಇದೆ. ಬಲಮೂಲೆಯಲ್ಲಿ ನಿಮ್ಮ ಹೆಸರಿನ ಮೇಲೆ ಒತ್ತಿದರೆ 'ಸ್ವಿಚ್ ರೋಲ್ ಟು' ಎಂದಿರುತ್ತದೆ. ಅದರಲ್ಲಿ ಸ್ಟೂಡೆಂಟ್ ಆರಿಸಿದರೆ ಕೋರ್ಸು ವಿದ್ಯಾರ್ಥಿಗೆ ಕಾಣುವ ಹಾಗೆ ನಿಮಗೂ ಕಾಣುತ್ತದೆ. ಆದರೆ ಅದು ಕಿಟಕಿಯಿಂದ ಇಣುಕಿದ ಹಾಗೆ. ಅಸೈನ್‌ಮೆಂಟ್ ಕೊಡುವ, ಕ್ವಿಜ್ ಬರೆಯುವ ಅನುಭವ ಪೂರ್ತಿ ಸಿಗುವುದಿಲ್ಲ. ಅದಕ್ಕೇ ನಿಮ್ಮ ಕಾಲೇಜಿನಲ್ಲಿ ಮೂಡಲ್ ನೋಡಿಕೊಳ್ಳುವವರನ್ನು ಕೇಳಿ, ನಿಮ್ಮದೇ ಇನ್ನೊಂದು ಇಮೇಲ್ ಕೊಟ್ಟು ಒಂದು ವಿದ್ಯಾರ್ಥಿ ಖಾತೆ ಮಾಡಿಸಿಕೊಳ್ಳಿ. ಕಂಪ್ಯೂಟರಿನಲ್ಲಿ ಮೇಡಂ, ಮೊಬೈಲಿನಲ್ಲಿ ವಿದ್ಯಾರ್ಥಿನಿ. ಮೂರು ವರ್ಷದಿಂದ ನನ್ನ ಪದ್ಧತಿ ಅದೇ. ನಮ್ಮ ಹುಡುಗರು ಮೂಡಲ್ ನೋಡುವುದೇ ಮೊಬೈಲಿನಲ್ಲಿ. ಮೂಡಲ್ ಆ್ಯಪ್‌ನಲ್ಲಿ ಪಾಠವನ್ನು ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದಿದ್ದಾಗಲೂ ಓದಬಹುದು ಎಂಬುದು ನನಗೆ ಗೊತ್ತಾಗಿದ್ದೂ ಆ ವಿದ್ಯಾರ್ಥಿನಿಯಾದ ಮೇಲೆಯೇ.

ಈಗ ನಾಲ್ಕನೆಯ ತಪ್ಪು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಾನು ಹೆಚ್ಚು ಕಲಿತದ್ದು ಇದರಿಂದ.

ಕ್ವಿಜ್‌ನಲ್ಲಿ ಶಾರ್ಟ್ ಆನ್ಸರ್ ಎಂಬ ಬಗೆಯ ಪ್ರಶ್ನೆ ಇದೆ. ವಿದ್ಯಾರ್ಥಿ ಒಂದೆರಡು ಪದದಲ್ಲಿ ಉತ್ತರ ಟೈಪ್ ಮಾಡಬೇಕು. ನಾವು ಮೊದಲೇ ಕೊಟ್ಟ ಉತ್ತರದ ಜೊತೆ ಯಂತ್ರ ಅದನ್ನು ಅಕ್ಷರಕ್ಕೆ ಅಕ್ಷರ ತಾಳೆ ನೋಡುತ್ತದೆ. ನಾನು ಕೇಳಿದ್ದು: 'ಪಟ್ಟಣ' ಎಂಬರ್ಥದ ಹಳಗನ್ನಡ ಪದ ಬರೆಯಿರಿ. ನಾನು ಕೊಟ್ಟ ಉತ್ತರ: ಪೊೞಲ್. ಫಲಿತಾಂಶ ನೋಡಿದರೆ ಒಬ್ಬಿಬ್ಬರನ್ನು ಬಿಟ್ಟು ಎಲ್ಲರಿಗೂ ಸೊನ್ನೆ. ತರಗತಿಯಲ್ಲಿ ಕೈಯೆತ್ತಿ ಇದೇ ಪದವನ್ನು ಹೇಳಿದ ಹುಡುಗಿಗೂ ಸೊನ್ನೆ. ಅವಳ ಉತ್ತರ ತೆರೆದು ನೋಡಿದೆ: 'ಪೊಳಲ್' ಎಂದಿತ್ತು. ಅವಳ ಫೋನಿನ ಕೀಲಿಮಣೆಯಲ್ಲಿ 'ೞ' ಎಲ್ಲಿದೆ ಎಂದು ಅವಳಿಗೆ ಸಿಕ್ಕಿರಲಿಲ್ಲ. ಶತಮಾನಗಳ ಹಿಂದೆಯೇ ಕನ್ನಡಿಗರ ನಾಲಗೆಯಿಂದ ಜಾರಿಹೋದ ಅಕ್ಷರವನ್ನು ಅವಳ ಹೆಬ್ಬೆರಳಲ್ಲಿ ಹುಡುಕಿಸಿ, ಸಿಗಲಿಲ್ಲವೆಂದು ಅಂಕ ಕಳೆದಿದ್ದೆ.

ತಪ್ಪು ಯಂತ್ರದ್ದಲ್ಲ. ಕಾಗದದ ಮೇಲೆ ಅವಳು ಹೀಗೆ ಬರೆದಿದ್ದರೆ ನಾನೇ ಕೆಂಪು ಪೆನ್ನಲ್ಲಿ ಅಕ್ಷರ ತಿದ್ದಿ ಅಂಕ ಕೊಡುತ್ತಿದ್ದೆ. ಯಂತ್ರಕ್ಕೆ ಆ ಔದಾರ್ಯವನ್ನು ಮೊದಲೇ ಬರೆದುಕೊಡಬೇಕು. ಮೂಡಲ್‌ನಲ್ಲಿ ಒಂದು ಪ್ರಶ್ನೆಗೆ ಎಷ್ಟು ಉತ್ತರ ಬೇಕಾದರೂ ಕೊಡಬಹುದು, ಪ್ರತಿಯೊಂದಕ್ಕೂ ಬೇರೆ ಬೇರೆ ಶೇಕಡಾ ಅಂಕ ಇಡಬಹುದು, ಬೇರೆ ಬೇರೆ ಟಿಪ್ಪಣಿ ಬರೆಯಬಹುದು. ಪೊೞಲ್‌ಗೆ 100, ಪೊಳಲ್‌ಗೆ 100, ಹೊಸಗನ್ನಡ ರೂಪವಾದ 'ಹೊಳಲು' ಎಂದವರಿಗೆ 50 ಎಂದು ತಿದ್ದಿದೆ. ಹೊಳಲು ಎಂದವರಿಗೆ "ದಾರಿ ಸರಿಯಿದೆ, ಇನ್ನೊಂದು ಸಾವಿರ ವರ್ಷ ಹಿಂದಕ್ಕೆ ಹೋಗಿ" ಎಂಬ ಟಿಪ್ಪಣಿ. ಆಮೇಲೆ ಫಲಿತಾಂಶದ ಪುಟದಲ್ಲಿ ರೀಗ್ರೇಡ್ ಒತ್ತಿದೆ. ಎಲ್ಲರ ಅಂಕ ಮತ್ತೆ ಎಣಿಕೆಯಾಯಿತು. ನೆನಪಿಡಿ: ಒಬ್ಬ ವಿದ್ಯಾರ್ಥಿ ಬರೆದರೂ ಸಾಕು, ಆ ಕ್ವಿಜ್‌ಗೆ ಪ್ರಶ್ನೆ ಸೇರಿಸಲು, ತೆಗೆಯಲು ಬರುವುದಿಲ್ಲ; ಆದರೆ ಉತ್ತರ ತಿದ್ದಿ ಮರು ಎಣಿಕೆ ಮಾಡಬಹುದು. ಆದ್ದರಿಂದ ಬಿಡುವ ಮುಂಚೆ ನಿಮ್ಮ ವಿದ್ಯಾರ್ಥಿ ಖಾತೆಯಿಂದ ನೀವೇ ಒಮ್ಮೆ ಬರೆದು, ಸೋತು, ಆ ಪ್ರಯತ್ನವನ್ನು ಅಳಿಸಿ, ಸರಿಮಾಡಿ ಬಿಡಿ.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಆ ಹುಡುಗಿ ಕೋರ್ಸಿನ ಫೋರಂನಲ್ಲಿ, ಅಂದರೆ ಚರ್ಚೆಯ ಜಾಗದಲ್ಲಿ, ಒಂದು ಸಾಲು ಬರೆದಳು: "ಮೇಡಂ, ನಮ್ಮ ಹೊಳಲ್ಕೆರೆಯ ಹೊಳಲೂ ಇದೇನಾ?" ತರಗತಿಯಲ್ಲಿ ಬಾಯಿ ಬಿಡದವರು ಅದರ ಕೆಳಗೆ ತಮ್ಮ ತಮ್ಮ ಊರಿನ ಹೆಸರು ಬರೆಯತೊಡಗಿದರು. ಮಂಡ್ಯ ಕಡೆಯ ಹೊಳಲು ಬಂತು. ಒಬ್ಬ ತನ್ನ ಅಜ್ಜಿಯನ್ನು ಕೇಳಿ ಹೊಲಗಳ ಹೆಸರಿನ ಪಟ್ಟಿಯನ್ನೇ ಹಾಕಿದ. ಮೂರು ದಿನ ನಾನು ಬರೀ ಓದಿದೆ. ಮೂಡಲ್‌ನಲ್ಲಿ ಗ್ಲಾಸರಿ ಎಂಬ ಸಾಮಾನಿದೆ, ವಿದ್ಯಾರ್ಥಿಗಳೇ ಸೇರಿಸುತ್ತಾ ಹೋಗುವ ಪದಕೋಶ. ಪಂಪನ ಪಾಠದಲ್ಲಿ ಸಿಗುವ ಒಂದೊಂದು ಪದವನ್ನು ಒಬ್ಬೊಬ್ಬರು ಸೇರಿಸಬೇಕು, ನಾನು ನೋಡಿ ಒಪ್ಪಿಗೆ ಕೊಟ್ಟ ಮೇಲೆ ಎಲ್ಲರಿಗೂ ಕಾಣಬೇಕು ಎಂದು ಮಾಡಿದೆ. ಹಳಗನ್ನಡ ರೂಪದ ಜೊತೆಗೇ ಹೊಸಗನ್ನಡ ರೂಪವನ್ನೂ ಕೀವರ್ಡ್ ಎಂದು ಕೊಡಿಸಿದೆ, ಹುಡುಕುವವರಿಗೆ ಯಾವುದರಿಂದಲಾದರೂ ಸಿಗಲೆಂದು. ಕಲಿಯುವವರು ಏನನ್ನಾದರೂ ಕಟ್ಟುತ್ತಲೇ, ಅದನ್ನು ಒಬ್ಬರಿಗೊಬ್ಬರು ತೋರಿಸುತ್ತಲೇ ಕಲಿಯುತ್ತಾರೆ ಎನ್ನುವುದು ಡೂಗಿಯಾಮಸ್ ಅವರ ನಂಬಿಕೆ. ಮೂಡಲ್‌ನ ಅಡಿಪಾಯದಲ್ಲೇ ಅದಿದೆ. ಅದನ್ನು ನಾನು ಓದಿದ್ದು ಆಮೇಲೆ. ಮೊದಲು ಕಂಡದ್ದು ಹೊಳಲ್ಕೆರೆಯಲ್ಲಿ.

"ಇಷ್ಟಕ್ಕೆಲ್ಲ ವಾಟ್ಸ್ಯಾಪ್ ಗ್ರೂಪು ಸಾಲದೇ?" ಎಂದು ನಿಮ್ಮಲ್ಲೊಬ್ಬರು ಕೇಳಿಯೇ ಕೇಳುತ್ತೀರಿ. 'ನಾಳೆ ಕ್ಲಾಸಿಲ್ಲ' ಎಂದು ತಿಳಿಸಲು ಅದೇ ಸಾಕು. ಆದರೆ ನೂರಿಪ್ಪತ್ತು ಜನ ಕಳಿಸಿದ ಅಸೈನ್‌ಮೆಂಟಿನ ಫೋಟೊಗಳನ್ನು ನನ್ನ ಫೋನಿನಲ್ಲಿ ತಂಗಿ ಮಗಳ ಮದುವೆ ಫೋಟೊಗಳ ನಡುವೆ ಹುಡುಕಿದ ಒಂದು ರಾತ್ರಿ ನನಗಿನ್ನೂ ಮರೆತಿಲ್ಲ. ಮೂಡಲ್‌ನಲ್ಲಿ ಯಾರು ಕೊಟ್ಟರು, ಯಾವಾಗ ಕೊಟ್ಟರು, ಯಾರು ಕೊಟ್ಟಿಲ್ಲ ಎಂಬುದು ಒಂದೇ ಪಟ್ಟಿಯಲ್ಲಿ ಇರುತ್ತದೆ. ನಾನು ಬರೆದ ಟಿಪ್ಪಣಿಯನ್ನು ಆ ವಿದ್ಯಾರ್ಥಿ ಒಬ್ಬನೇ ನೋಡುತ್ತಾನೆ, ಗ್ರೂಪೆಲ್ಲ ನೋಡುವುದಿಲ್ಲ.

ಹಾಗೆಂದು ಇದನ್ನು ಬಿಟ್ಟಿ ಸಾಮಾನು ಎಂದುಕೊಳ್ಳಬೇಡಿ. ತಂತ್ರಾಂಶಕ್ಕೆ ದುಡ್ಡಿಲ್ಲ; ಅದನ್ನು ಕೂರಿಸುವ ಸರ್ವರಿಗೆ ಇದೆ, ಕಾಲಕಾಲಕ್ಕೆ ಹೊಸ ಆವೃತ್ತಿಗೆ ಏರಿಸುವವರ ಶ್ರಮಕ್ಕೆ ಇದೆ. ಆ ಖರ್ಚನ್ನು ಕಾಲೇಜುಗಳು ಮರೆತಾಗ ಒಂದು ದಿನ ಪುಟವೇ ತೆರೆಯುವುದಿಲ್ಲ. ಅದಕ್ಕೊಂದು ಮುನ್ನೆಚ್ಚರಿಕೆ, ಅದರಲ್ಲೂ ವರ್ಗಾವಣೆಯ ಭಯದಲ್ಲಿರುವವರಿಗೆ, ವರ್ಷಕ್ಕೊಂದು ಕಾಲೇಜು ಕಾಣುವ ಅತಿಥಿ ಉಪನ್ಯಾಸಕರಿಗೆ: ಸೆಮಿಸ್ಟರಿಗೊಮ್ಮೆ ಕೋರ್ಸಿನ ಬ್ಯಾಕಪ್ ತೆಗೆದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಪಾಠ, ಪ್ರಶ್ನೆ ಎಲ್ಲ ಒಂದೇ ಕಡತವಾಗಿ ಬರುತ್ತದೆ. ಹೊಸ ಕಾಲೇಜಿನಲ್ಲಿ ಮೂಡಲ್ ಇದ್ದರೆ ಅಲ್ಲಿ ಅದನ್ನು ಮತ್ತೆ ಬಿಚ್ಚಿಕೊಳ್ಳಬಹುದು. ಅಲ್ಲಿನ ಆವೃತ್ತಿ ತೀರಾ ಹಳೆಯದಾಗಿರಬಾರದು ಅಷ್ಟೇ. ನಿಮ್ಮ ದುಡಿಮೆ ನಿಮ್ಮ ಜೊತೆಗೇ ಬಸ್ಸು ಹತ್ತುತ್ತದೆ. ಮುಕ್ತ ತಂತ್ರಾಂಶದ ಬೆಲೆ ನನಗೆ ಅರ್ಥವಾದದ್ದು ಈ ಪೆನ್‌ಡ್ರೈವಿನಿಂದ. ಮುಕ್ತ ತಂತ್ರಾಂಶ ನಮಗೇನೂ ಪರಕೀಯವಲ್ಲ. ಶಾಲಾ ಮೇಷ್ಟ್ರುಗಳು ಬಳಸುವ ದೀಕ್ಷಾ ಕೂಡ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿರುವುದು, ಆ ಸನ್‌ಬರ್ಡನ್ನು ಕಟ್ಟಿದ್ದು ನಮ್ಮ ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್.

ಇನ್ನು ಕೆಲವು ಚಿಲ್ಲರೆ ಮಾತು. ಒಳಗೆ ಹೋದ ಮೇಲೆ ಏನೂ ಬದಲಿಸಲು ಆಗುತ್ತಿಲ್ಲವೆಂದರೆ ಮೇಲೆ ಬಲಗಡೆ 'ಎಡಿಟ್ ಮೋಡ್' ಎಂಬ ಗುಂಡಿ ನೋಡಿ. ಅದನ್ನು ಹಾಕದೆ ನಾನು ಹದಿನೈದು ನಿಮಿಷ ಬೆವರಿದ್ದೇನೆ. ಅರ್ಧ ಮಾಡಿದ ಪಾಠವನ್ನು 'ಹೈಡ್' ಮಾಡಿ ಮುಚ್ಚಿಡಬಹುದು. ಕೈತಪ್ಪಿ ಅಳಿಸಿದ್ದು ರೀಸೈಕಲ್ ಬಿನ್‌ನಲ್ಲಿ ಕೆಲವು ದಿನ ಇರುತ್ತದೆ, ಗಾಬರಿ ಬೇಡ. ಬಹು ಆಯ್ಕೆಯ ಪ್ರಶ್ನೆಗಳನ್ನು ಒಂದೊಂದಾಗಿ ತುಂಬಬೇಕಿಲ್ಲ. ಐಕೆನ್ ಎಂಬ ಸರಳ ರೂಪದಲ್ಲಿ ಬರಿಯ ಪಠ್ಯಕಡತ ಮಾಡಿ ಐವತ್ತನ್ನು ಒಟ್ಟಿಗೆ ಏರಿಸಬಹುದು. ಪ್ರಶ್ನೆ, ಆಯ್ಕೆ ಕನ್ನಡದಲ್ಲಿರಲಿ. ಆಯ್ಕೆಗಳ ಮುಂದಿನ ಎ, ಬಿ, ಸಿ, ಡಿ ಮತ್ತು ಕೊನೆಯ ಸಾಲಿನ 'ಆನ್ಸರ್' ಎಂಬ ಪದ ಮಾತ್ರ ರೋಮನ್ ದೊಡ್ಡಕ್ಷರದಲ್ಲೇ ಇರಬೇಕು, ಕಡತವನ್ನು ಯುಟಿಎಫ್-8 ಆಗಿ ಉಳಿಸಬೇಕು. ಅಂಕಗಳ ಲೆಕ್ಕವಿಡುವ ಗ್ರೇಡ್‌ಬುಕ್ಕಿನ ಸೆಟಪ್ಪಿಗೆ ಮೊದಲ ಸೆಮಿಸ್ಟರಿನಲ್ಲಿ ಕೈಹಾಕಬೇಡಿ. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ. ಹತ್ತು ನಿಮಿಷದ ಪಾಠಗಳು, ಅರ್ಧ ಪರದೆಯಲ್ಲಿ ಅದನ್ನು ಓಡಿಸುತ್ತಾ ಇನ್ನರ್ಧದಲ್ಲಿ ನಾವೇ ಮಾಡಿ ನೋಡುವ ಕ್ರಮ. ಮೂಡಲ್ ಪಾಠವೂ ಅದರಲ್ಲಿದೆ.

ಮೊದಲ ತಿಂಗಳಿಗೆ ನಾಲ್ಕೇ ಸಾಮಾನು ಸಾಕು: ಅನೌನ್ಸ್‌ಮೆಂಟ್, ಪೇಜ್, ಅಸೈನ್‌ಮೆಂಟ್, ಫೋರಂ. ಒಂದು ಘಟಕವನ್ನು ಮಾತ್ರ ಹಾಕಿ. ಇಡೀ ಪಠ್ಯಕ್ರಮವನ್ನು ಒಂದೇ ವಾರದಲ್ಲಿ ಏರಿಸಿದವರು ಎರಡನೇ ವಾರ ಆ ಕಡೆ ತಲೆ ಹಾಕದ್ದನ್ನು ನೋಡಿದ್ದೇನೆ.

ಶನಿವಾರ ಬರುವಾಗ ತರಬೇಕಾದ್ದು ಮೂರು. ನಿಮ್ಮದೇ ವಿಷಯದ ಒಂದು ಪಾಠ, ಎರಡು ಪುಟ ಮೀರದಂತೆ, ಯೂನಿಕೋಡಿನಲ್ಲಿ. ನಿಮ್ಮ ಮೊಬೈಲು, ಚಾರ್ಜ್ ಇರುವಂಥದ್ದು. ನಿಮ್ಮ ಇಮೇಲಿನ ಪಾಸ್‌ವರ್ಡು. ಮಗನಿಗೆ ಗೊತ್ತಿದ್ದರೆ ಸಾಲದು, ನಿಮಗೆ ಗೊತ್ತಿರಬೇಕು. ಹಿಂದಿನ ತರಬೇತಿಯಲ್ಲಿ ಮಧ್ಯಾಹ್ನದ ತನಕ ಹೊತ್ತು ಹೋದದ್ದು ಮೂಡಲ್‌ಗೆ ಅಲ್ಲ, ಮರೆತ ಪಾಸ್‌ವರ್ಡಿಗೆ. ಹೊಳಲ್ಕೆರೆಯ ಆ ಹುಡುಗಿ ಈಗ ನಮ್ಮಲ್ಲೇ ಎಂಎ ಓದುತ್ತಿದ್ದಾಳೆ; ಲ್ಯಾಬಿನಲ್ಲಿ ನಿಮ್ಮ ಪಕ್ಕ ನಿಂತು ಸಹಾಯ ಮಾಡಲು ಒಪ್ಪಿದ್ದಾಳೆ. ನಿಮ್ಮ ಪೇಜ್ ಅವಳ ಫೋನಿನಲ್ಲಿ ಸರಿಯಾಗಿ ಕಾಣಿಸಿದರೆ ನೀವು ಪಾಸು.

ಸಂಜೆ ಹೊರಡುವ ಮುಂಚೆ ಒಂದು ಅಸೈನ್‌ಮೆಂಟೂ ಇರುತ್ತದೆ. ಗಡುವು ಭಾನುವಾರ ರಾತ್ರಿ 11:59. ಕಟ್ ಆಫ್ ಇಟ್ಟಿಲ್ಲ.

ನಿಮ್ಮ ಸಹೋದ್ಯೋಗಿ,
ಒಬ್ಬ ಕನ್ನಡ ಮೇಡಂ